ಅಂಗೈ ನೋಡುತ್ತ ಮೂವತ್ತು ವರ್ಷ

ನಾನು ದೊಡ್ಡ ಭಕ್ತೆ ಎಂದು ನಮ್ಮ ಅತ್ತೆ ಸಿದ್ದಗಂಗಮ್ಮ ಜರಗನಹಳ್ಳಿ ತುಂಬ ಡಂಗುರ ಸಾರಿದ್ದಕ್ಕೆ ಕಾರಣ ನನ್ನ ಕಣ್ಣೀರು. ದಿನಾ ಬೆಳಿಗ್ಗೆ ಇಬ್ಬರೂ ವಿಭೂತಿ ಹಚ್ಚಿಕೊಂಡು ಎದುರುಬದುರು ಕೂತು, ಕೊರಳಲ್ಲಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಹತ್ತು ನಿಮಿಷ ದಿಟ್ಟಿಸುತ್ತಿದ್ದೆವು. ಅಷ್ಟು ಹೊತ್ತು ರೆಪ್ಪೆ ಬಡಿಯದಿದ್ದರೆ ಯಾರಿಗಾದರೂ ನೀರು ಬರುತ್ತದೆ. ಈರುಳ್ಳಿ ಹೆಚ್ಚಿದರೂ ಬರುತ್ತದೆ. ಅತ್ತೆಗೆ ಅದನ್ನು ಹೇಳುವವರು ಯಾರು?

ಎಂಟನೇ ವಯಸ್ಸಿಗೆ ನನಗೆ ಲಿಂಗದೀಕ್ಷೆಯಾಯಿತು. ಬೆಳಕು ಕಾಣುತ್ತದೆ ಅಂದರು, ಕಾಣಲಿಲ್ಲ. ಮೈ ಜುಮ್ಮೆನ್ನುತ್ತದೆ ಅಂದರು, ಕಾಲು ಮಾತ್ರ ಜೋಮು ಹಿಡಿಯಿತು. ನನ್ನಲ್ಲೇ ಏನೋ ಐಬಿದೆ ಎಂದು ಕಾಲೇಜಿನ ದಿನಗಳಲ್ಲಿ ಬಚ್ಚಲಲ್ಲಿ ಕೂತು ಅತ್ತಿದ್ದೇನೆ. ಆ ಅಳು ನಿಜವಾದದ್ದು, ಅದನ್ನು ಯಾರೂ ನೋಡಲಿಲ್ಲ. ಆಮೇಲೆ ಯಾವಾಗಲೋ ಕಾಯುವುದು ನಿಂತಿತು, ನಂಬಿಕೆಯೂ ಹೋಯಿತು. ಕೂರುವುದೊಂದು ಉಳಿಯಿತು.

ಕಳೆದ ಭಾನುವಾರ ಜಯನಗರದಲ್ಲಿ ನಮ್ಮವರ ಮಹಿಳಾ ಸಂಘದ ಸಭೆ. ಲಿಂಗಪೂಜೆಯ ಅನುಭವ ಹೇಳಲು ಅತ್ತೆ ನನ್ನ ಹೆಸರು ಕೊಟ್ಟೇಬಿಟ್ಟಿದ್ದರು. ಮನೆಯಲ್ಲಿ ಸುಮ್ಮನೆ ಕೂರುವುದು ಬೇರೆ, ಮೈಕ್ ಹಿಡಿದು ಸುಳ್ಳು ಹೇಳುವುದು ಬೇರೆ. ಒಮ್ಮೆ ಹೇಳಿದರೆ ಸಾಯುವವರೆಗೂ ಅದನ್ನೇ ಹೇಳುತ್ತಿರಬೇಕು. ಹೇಳದಿದ್ದರೆ ಅತ್ತೆಯ ಮುಖ ನೋಡುವುದು ಹೇಗೆ? ಮುಂದಿನ ಸಾಲಿನಲ್ಲಿ ಅವರು ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಬರೆದುಕೊಂಡು ಹೋಗಿದ್ದ ಹಾಳೆಯನ್ನು ಮಡಚಿಬಿಟ್ಟೆ.

"ಮೂವತ್ತು ವರ್ಷ ನೋಡಿದ್ದೀನಿ. ಒಂದು ದಿನಾನೂ ಏನೂ ಆಗಿಲ್ಲ. ಕಣ್ಣು ಉರಿಯುತ್ತೆ, ನೀರು ಬರುತ್ತೆ, ಅಷ್ಟೇ. ದೇವರಿದ್ದಾನೆ ಅಂತ ನನಗೆ ಅನ್ಸಲ್ಲ. ಅನ್ಸುತ್ತೆ ಅಂತ ಇನ್ಮೇಲೆ ನಾಟಕ ಆಡಲ್ಲ."

ಅಧ್ಯಕ್ಷೆ ಈಶ್ವರಮ್ಮ ಮೈಕಿಗೆ ಕೈ ಚಾಚಿದರು. ನಾನೇ ಕೊಟ್ಟೆ, ಹೇಳುವುದು ಮುಗಿದಿತ್ತು. ಎಂಥ ಸಂತೋಷ! ಮೆಟ್ಟಿಲಿಳಿಯುವಾಗ ಕುಣಿಯುವುದೊಂದು ಬಾಕಿ.

ಮನೆಗೆ ಹೋಗಲು ಇಬ್ಬರೂ ಆಟೋ ಹತ್ತಿದೆವು. ಬನಶಂಕರಿ ದಾಟಿದ ಮೇಲೆ ಅತ್ತೆ ಕೇಳಿದರು: "ಮತ್ತೆ ದಿನಾ ಕೂತ್ಕೊಂಡು ಏನ್ ನೋಡ್ತಿದ್ದೆ?"

"ಕದ್ದು ನಿಮ್ಮನ್ನೇ ನೋಡ್ತಿದ್ದೆ ಅತ್ತೆ. ನನ್ನ ನಾಟಕ ನಿಮಗೆ ಗೊತ್ತಾಗ್ಬಿಡ್ತಾ ಅಂತ."

ಅತ್ತೆ ರಸ್ತೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು.

"ನಾನೂ ನಿನ್ನೇ ಕಣೇ ನೋಡ್ತಿದ್ದಿದ್ದು," ಅಂದರು. "ಇವಳಿಗೆ ಕಣ್ಣೀರು ಬರುತ್ತಲ್ಲ, ನನಗ್ಯಾಕೆ ಒಂದು ದಿನಾನೂ ಬರಲ್ಲ ಅಂತ."