ಮೊದಲ ಸಾಲಿನ ಕುರ್ಚಿ

ಮಾದನಹಿಪ್ಪರಗಾದ ಗಂಗಾಬಾಯಿ ತಮ್ಮ ಮಗಳು ನೀಲಾಂಬಿಕಾಳನ್ನು ಕರೆದುಕೊಂಡು ಬೆಂಗಳೂರಿನ ಸ್ಟುಡಿಯೋಕ್ಕೆ ಬಂದಿದ್ದರು. ಟಿ.ವಿ.ಯ ಹಾಡಿನ ಸ್ಪರ್ಧೆಗೆ ಆಳಂದ ಕಡೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಹದಿನಾರರ ಆ ಹುಡುಗಿಗೆ ಮಾತು ತೊದಲುತ್ತಿತ್ತು. ಆದರೆ ತಾಯಿಯ ಮುಖ ನೋಡುತ್ತ ಹಾಡಿದರೆ ಒಂದಕ್ಷರವೂ ತಡವರಿಸುತ್ತಿರಲಿಲ್ಲ.

ಅದಕ್ಕೇ ಗಂಗಾಬಾಯಿ ಪ್ರೇಕ್ಷಕರ ಮೊದಲ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮದ ಮೇಲ್ವಿಚಾರಕ ಬಂದು, ಮುಂದೆ ಕಾಲೇಜು ಹುಡುಗಿಯರು ಕೂತರೆ ಕ್ಯಾಮೆರಾಕ್ಕೆ ಚೆನ್ನ ಎಂದು ಅವರನ್ನು ಕೊನೆಯ ಸಾಲಿಗೆ ಕಳಿಸಿದ.

ವೇದಿಕೆಗೆ ಬಂದ ನೀಲಾಂಬಿಕಾಳಿಗೆ ತಾಯಿ ಕಾಣಲಿಲ್ಲ. ತೀರ್ಪುಗಾರರು ಹೆಸರು ಕೇಳಿದಾಗ "ನೀ... ನೀ..." ಎಂದು ಅಲ್ಲೇ ನಿಂತಳು. ಯಾರೋ ಕಿಸಕ್ಕನೆ ನಕ್ಕರು.

ಗಂಗಾಬಾಯಿ ಎದ್ದು ದೀಪಗಳ ಬೆಳಕಿಗೆ ನಡೆದುಬಂದರು.

"ಅಮ್ಮಾ, ರೆಕಾರ್ಡಿಂಗ್ ನಡೀತಿದೆ, ಹಿಂದೆ ಹೋಗಿ" ಎಂದು ಮೇಲ್ವಿಚಾರಕ ಅಡ್ಡ ಬಂದ.

"ಹೋಗಂಗಿಲ್ರಿ. ನನ್ ಮಗಳು ನನ್ ಮಾರಿ ನೋಡಿ ಹಾಡ್ತಾಳ. ಆಕಿ ಹಾಡು ಮುಗೀಲಿ, ಆಮ್ಯಾಲೆ ಬೇಕಾದ್ರ ಹೊರಗ ಕಳಸ್ರಿ."

ತೀರ್ಪುಗಾರರಲ್ಲಿ ಹಿರಿಯರೊಬ್ಬರು, "ಅವರಿಗೆ ಕುರ್ಚಿ ಕೊಡಿ, ಮೊದಲಿಂದ ಶುರು ಮಾಡೋಣ" ಎಂದರು. ಮುಂದಿದ್ದ ಹುಡುಗಿಯೊಬ್ಬಳು ತಾನೇ ಎದ್ದು ಜಾಗ ಬಿಟ್ಟಳು.

ನೀಲಾಂಬಿಕಾ ಹಾಡಿದಳು. ಚಪ್ಪಾಳೆ ತಟ್ಟಿ ಎಂದು ಸನ್ನೆ ಮಾಡುವವನು ಕೈಯೆತ್ತುವ ಮೊದಲೇ ಸಭೆ ಚಪ್ಪಾಳೆ ತಟ್ಟಿತು.

ಅವಳು ಮುಂದಿನ ಸುತ್ತಿಗೆ ಆಯ್ಕೆಯಾದಳು. ಹೊರಡುವಾಗ ಗಂಗಾಬಾಯಿ ಮೇಲ್ವಿಚಾರಕನನ್ನು ಹುಡುಕಿ ಹೇಳಿದರು: "ಮುಂದಿನ ತಿಂಗಳೂ ಬರ್ತೇವ್ರಿ. ನಾ ಇಲ್ಲೇ ಮುಂದ ಕೂಡ್ತೇನಿ, ಈಗಲೇ ಬರಕೋರಿ."

ಅವನು ಬರೆದುಕೊಂಡ.