ಠೇವಣಿಗಿಟ್ಟ ಬಂದೂಕು

ಪೀಣ್ಯದ ಆ ಬಂದೂಕಿನಂಗಡಿಗೆ ಮಧ್ಯಾಹ್ನ ಪೊಲೀಸರು ತಪಾಸಣೆಗೆ ಬರುವವರಿದ್ದರು. ಅಂಗಡಿ ಶ್ಯಾಮಲಾಳ ಮಾವನ ಕಾಲದ್ದು. ಲೈಸೆನ್ಸ್ ಈಗ ಗಂಡ ಉಪೇಂದ್ರನ ಹೆಸರಿನಲ್ಲಿದ್ದರೂ ಲೆಕ್ಕಪತ್ರವೆಲ್ಲ ಅವಳದೇ. ಬೆಳಿಗ್ಗೆ ರಿಜಿಸ್ಟರ್ ಹಿಡಿದು ಒಂದೊಂದೇ ಬಂದೂಕಿನ ನಂಬರು ತಾಳೆ ನೋಡುತ್ತಾ ಬಂದವಳು ಕಬ್ಬಿಣದ ಕಪಾಟಿನ ಮುಂದೆ ನಿಂತುಬಿಟ್ಟಳು. ಲಗ್ಗೆರೆಯ ಆಂಜಿನಪ್ಪನವರ ಜೋಡುನಳಿಗೆ ಬಂದೂಕು ಅಲ್ಲಿರಲಿಲ್ಲ.

ಆಂಜಿನಪ್ಪ ತೀರಿಕೊಂಡ ಮೇಲೆ ಮನೆಯವರೇ ಅದನ್ನು ತಂದು ಠೇವಣಿ ಇಟ್ಟಿದ್ದರು. ಮಗ ಮನುವಿನ ಹೆಸರಿಗೆ ಲೈಸೆನ್ಸ್ ಬರುವ ತನಕ ಅದು ಅಂಗಡಿಯ ಹೊಸಿಲು ದಾಟುವಂತಿರಲಿಲ್ಲ.

"ರೀ, ಆಂಜಿನಪ್ಪನವರ ಗನ್ ಎಲ್ಲಿ?"

ಉಪೇಂದ್ರ ತಲೆ ಎತ್ತಲಿಲ್ಲ. "ಮನು ತಗೊಂಡ್ ಹೋದ ಕಣೆ. ಆಯುಧ ಪೂಜೆಗೆ ಅಪ್ಪನ ಬಂದೂಕಿಗೆ ಹೂವು ಏರಿಸಿ ವಾಪಸ್ ಕೊಡ್ತೀನಿ ಅಂದ. ಕಣ್ಮುಂದೆ ಬೆಳೆದ ಹುಡುಗ, ಇಲ್ಲ ಅನ್ನೋಕಾಗ್ಲಿಲ್ಲ."

"ಹಬ್ಬ ಮುಗಿದು ವಾರ ಆಯ್ತಲ್ರೀ!"

"ಫೋನ್ ಮಾಡ್ತಾನೇ ಇದೀನಿ. ಎತ್ತುತಾ ಇಲ್ಲ."

ಶ್ಯಾಮಲಾ ರಿಜಿಸ್ಟರ್ ಮುಚ್ಚಿಟ್ಟಳು. ಸಿಕ್ಕ ಆಟೋ ಹತ್ತಿ ಲಗ್ಗೆರೆಗೆ ಓಡಿದಳು. ಬಾಡಿಗೆ ಮನೆಗಳನ್ನು ಒಂದರ ಮೇಲೊಂದು ಕಟ್ಟಿದ್ದ ಆ ಕಟ್ಟಡದ ಮೆಟ್ಟಿಲ ಮೇಲೆ ಆಂಜಿನಪ್ಪನ ಹೆಂಡತಿ ನಾಗಲಕ್ಷ್ಮಮ್ಮ ಕೂದಲು ಕೆದರಿಕೊಂಡು ಕೂತಿದ್ದರು.

"ಅಮ್ಮ, ಮನು ಎಲ್ಲಿ?"

"ಈಗ್ತಾನೆ ಓದ ಕಣವ್ವ. ಅವನ ಚಿಕ್ಕಪ್ಪ ನಮ್ಮ ಸೈಟ್ನಾಗೆ ಪಾಯ ತೋಡಿಸ್ತಾವ್ನಂತೆ. ಇವತ್ತು ಅವನೋ ನಾನೋ ಅಂತ ಬಂದೂಕ ಗೋಣಿಚೀಲದಾಗೆ ಸುತ್ಕೊಂಡು ಓದ. ಕಾಲು ಇಡ್ಕೊಂಡೆ, ತಳ್ಳಿಬುಟ್ಟ. ಇಂಗೇ ಬುಟ್ರೆ ಕೊಲೆ ಆಯ್ತದೆ, ಏನಾದ್ರೂ ಮಾಡವ್ವ!"

ಶ್ಯಾಮಲಾ ಗಂಡನಿಗೆ ಫೋನ್ ಮಾಡಿದಳು. ವಿಷಯ ಕೇಳಿದ ಉಪೇಂದ್ರ ಅಂಗಲಾಚಿದ. "ಪೊಲೀಸ್ಗೆ ಮಾತ್ರ ಹೇಳ್ಬೇಡ ಕಣೆ, ಕೈ ಮುಗೀತೀನಿ. ಲೈಸೆನ್ಸ್ ಹೋಗತ್ತೆ, ನನ್ನ ಒಳಗೆ ಹಾಕ್ತಾರೆ. ನೀನೇ ಹೋಗಿ ಅವನ ಕೈಯಿಂದ ಈಸ್ಕೊಂಡು ಬಾ. ನಿನ್ನ ಮಾತು ಕೇಳ್ತಾನೆ."

ಹಾಗೇ ಮಾಡಿಬಿಡಲೇ ಎಂದು ಒಂದು ಕ್ಷಣ ಅವಳಿಗೂ ಅನ್ನಿಸಿತು. ಬಂದೂಕು ಕಪಾಟಿಗೆ ಮರಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಗನ್ ಜೊತೆ ತೋಟಾನೂ ಕೊಟ್ರಾ?"

"ಅದೆಲ್ಲ ಆಮೇಲೆ, ಮೊದಲು ಹೋಗೇ."

"ಕೊಟ್ರೇನ್ರೀ?"

"ಎರಡು. ಪೂಜೆಗೆ ಇಡಕ್ಕೆ ಅಂದ."

ಶ್ಯಾಮಲಾ ಕರೆ ತುಂಡರಿಸಿ ಪೊಲೀಸರಿಗೇ ಫೋನ್ ಮಾಡಿದಳು. ತನ್ನ ಹೆಸರು, ಅಂಗಡಿ, ನಾಗಲಕ್ಷ್ಮಮ್ಮನನ್ನು ಕೇಳಿ ಸೈಟಿರುವ ಜಾಗ ಎಲ್ಲ ಹೇಳಿದಳು. "ಲೈಸೆನ್ಸ್ ಇಲ್ಲದವನಿಗೆ ನಮ್ಮಂಗಡಿಯಿಂದಲೇ ಕೊಟ್ಟಿದ್ದು ಸಾರ್. ಬೇಗ ಬನ್ನಿ."

ನಾಗಲಕ್ಷ್ಮಮ್ಮನ ಕೈ ಹಿಡಿದುಕೊಂಡು ಸೈಟಿನತ್ತ ಓಡುವಾಗ ಒಂದು ಗುಂಡಿನ ಸದ್ದು ಕೇಳಿತು. ಮುದುಕಿ ದಾರಿಯಲ್ಲೇ ಕುಸಿದರು. ಶ್ಯಾಮಲಾ ತಲುಪುವಷ್ಟರಲ್ಲಿ ಪೊಲೀಸರು ಮನುವನ್ನು ನೆಲಕ್ಕೆ ಕೆಡವಿ ಬಂದೂಕು ಕಿತ್ತುಕೊಂಡಿದ್ದರು. ಇನ್ನೊಂದು ತೋಟಾ ನಳಿಗೆಯಲ್ಲೇ ಇತ್ತು. ಚಿಕ್ಕಪ್ಪ ತೊಡೆ ಹಿಡಿದುಕೊಂಡು ಮಣ್ಣಿನ ಗುಡ್ಡೆಯ ಮೇಲೆ ನರಳುತ್ತಿದ್ದ. ಅವನ ಜೀವ ಉಳಿಯಿತು.

ಸಂಜೆಯೊಳಗೆ ಅಂಗಡಿಗೆ ಸೀಲ್ ಬಿತ್ತು. ಸ್ಟೇಷನ್ನಿನಲ್ಲಿ ಉಪೇಂದ್ರ ಕಂಬಿಯ ಹಿಂದೆ ಕೂತಿದ್ದ. ಶ್ಯಾಮಲಾ ಊಟದ ಡಬ್ಬಿ ಚಾಚಿದಳು. ಅವನು ಕೈ ನೀಡಲಿಲ್ಲ.

"ನೀನೇ ಹೇಳಿದ್ಯಂತೆ."

"ಹೂಂ."

"ಅಪ್ಪ ಕಟ್ಟಿದ ಅಂಗಡಿ ಕಣೆ ಅದು."

ಅವಳು ಡಬ್ಬಿಯನ್ನು ಅಲ್ಲೇ ನೆಲದ ಮೇಲಿಟ್ಟು, ಹೇಳಿಕೆ ಬರೆಸಲು ಇನ್ಸ್‌ಪೆಕ್ಟರರ ಕೋಣೆಗೆ ನಡೆದಳು.