ಆರನೆಯ ಮಹಡಿ

“ಓರೆ ಮಾಡಬ್ಯಾಡ್ರೋ, ತಲಿ ಜಾರತದ!” ಎಂದು ದ್ವಾರಕಾಬಾಯಿ ಕೂಗುವಷ್ಟರಲ್ಲಿ ಗಂಡನ ಚಟ್ಟ ಮೊದಲ ತಿರುವಿನಲ್ಲೇ ಗೋಡೆಗೆ ಸಿಕ್ಕಿಕೊಂಡಿತು. ಇಳಿಯಬೇಕಾದದ್ದು ಹನ್ನೊಂದು ಮಹಡಿ. ಹೊತ್ತವರು ನಾಲ್ಕೇ ಜನ: ಮುಂಬೈಯ ಪರಳದಲ್ಲಿ ಮೊದಲು ಜೊತೆಗಿದ್ದ ಹಳೆಯ ಚಾಳಿನ ವಠಾರದಿಂದ ಬಂದ ಮೂವರು ಮುದುಕರು, ಮೈದುನನ ಮಗ ಅವಿನಾಶ. ಲಿಫ್ಟು ಕೆಟ್ಟು ಒಂಬತ್ತು ದಿನವಾಗಿತ್ತು.

“ಕಾಕು, ನೀವು ಮ್ಯಾಲೇ ಇರ್ರಿ. ನಿಮ್ಮ ಮಂಡಿ ಕೇಳೂದಿಲ್ಲ,” ಎಂದ ಅವಿನಾಶ.

“ಸುಮ್ಮನಿರು. ನಿನ್ನೆ ಒಬ್ಬರನ್ನೇ ಇಳಿಯಾಕ ಬಿಟ್ಟದ್ದು ಸಾಕು.”

*

ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ್ದರೆ, ಏನಾಯಿತೋ ಎಂದು ನಾಲ್ಕು ಮಂದಿ ಬಂದು ಬಡಿಯುತ್ತಿದ್ದರು. ಈ ಎತ್ತರದ ಕಟ್ಟಡಕ್ಕೆ ಬಂದು ಮೂರು ವರ್ಷವಾದರೂ ಪಕ್ಕದ ಮನೆಯವರ ಹೆಸರು ತಿಳಿದಿರಲಿಲ್ಲ. ಲಿಫ್ಟು ರಿಪೇರಿಯ ಅರ್ಜಿಗೆ ಸಹಿ ಹಾಕಿಸಲು ಗಂಡ ಭಿಕಾಜಿ ಮನೆಮನೆಯ ಗಂಟೆ ಒತ್ತಿದ್ದ. ಎಂಟನೆಯ ಮಹಡಿಯ ಶೇವಂತಾ ಬಾಗಿಲ ಸಂದಿಯಿಂದಲೇ, “ನಮ್ಮ ಚಪ್ಪಲಿ ಗೂಡಿನ ಮ್ಯಾಲೆ ಕಂಪ್ಲೇಂಟ್ ಕೊಡೂದು ನಿಲ್ಲಸ್ರಿ ಅಜ್ಜಾ, ಆಮ್ಯಾಲೆ ಸಹಿ,” ಅಂದಿದ್ದಳು. ಕಾಗದದ ಮೇಲೆ ಬಿದ್ದದ್ದು ಎರಡೇ ಸಹಿ. ಅವನದು, ದ್ವಾರಕಾಬಾಯಿಯದು.

ನಿನ್ನೆ ಬೆಳಿಗ್ಗೆ ಹಾಲು ತರಲು ಇಳಿದವನು ಮತ್ತೆ ಹತ್ತಿ ಮನೆ ಮುಟ್ಟಲಿಲ್ಲ. ಆರನೆಯ ಮಹಡಿಯ ಮೆಟ್ಟಿಲ ಮೇಲೆ, ಹಾಲಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಕೂತಲ್ಲೇ ಹೋಗಿದ್ದ.

*

ಎಂಟನೆಯ ಮಹಡಿಯಲ್ಲಿ ಚಪ್ಪಲಿ ಗೂಡು ದಾರಿಗೆ ಅಡ್ಡವಾಗಿತ್ತು. ಗದ್ದಲಕ್ಕೆ ಬಾಗಿಲು ತೆರೆದ ಶೇವಂತಾ ಚಟ್ಟ ನೋಡಿದಳು. ಮರುಗಳಿಗೆ ಗೂಡನ್ನು ಎರಡೂ ಕೈಯಿಂದ ಒಳಗೆ ಎಳೆದಳು. ಚಪ್ಪಲಿಗಳು ಮೆಟ್ಟಿಲುದ್ದಕ್ಕೂ ಉರುಳಿದವು.

“ಏನ್ರೀ, ಟಿವಿ ಬಂದ್ ಮಾಡಿ ಬರ್ರಿ! ಹೊತ್ತವರು ಬರೇ ಮುದುಕರು!”

ಅವಳ ಗಂಡ ಓಡಿಬಂದು ಹೆಗಲು ಕೊಟ್ಟ. ಏಳನೆಯ ಮಹಡಿಯಲ್ಲಿ ಇನ್ನಿಬ್ಬರು ಸೇರಿಕೊಂಡರು. ದ್ವಾರಕಾಬಾಯಿ ಯಾರ ಮುಖವನ್ನೂ ನೋಡಲಿಲ್ಲ.

ಆರನೆಯ ಮಹಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಮೆತ್ತಿದ್ದವನೊಬ್ಬ ದಾರಿಗೆ ಬಂದು ನಿಂತ.

“ಕಾಕು, ನಾನು ಖಾಡೆ. ನಿನ್ನೆ ಇವರನ್ನ ನೋಡಿದ್ದೆ. ದಣಿವು ಆರಿಸ್ಕೊಳ್ಳಾಕ ಕುಂತಾರ ಅಂದ್ಕೊಂಡೆ. ಲೋಕಲ್ ಟ್ರೇನ್ ತಪ್ಪತದ ಅಂತ ದಾಟಿ ಹೋದೆ.”

ಚಟ್ಟ ನಿಂತಿತು.

“ಮಾತಾಡಿಸಿದ್ಯಾ?”

“ಇಲ್ಲ.”

“ಹೆಸರಾದ್ರೂ ಗೊತ್ತಿತ್ತಾ?”

ಅವನು ಚಟ್ಟದ ಹತ್ತಿರ ಬಂದ.

“ಭಿಕಾಜಿ,” ಎಂದಳು ಆಕೆ. “ಭಿಕಾಜಿ ಮಾಂಜ್ರೇಕರ್. ಎತ್ತು.”

ಖಾಡೆ ತೋಳಿನಿಂದ ನೊರೆ ಒರೆಸಿಕೊಂಡು ಹೆಗಲು ಕೊಟ್ಟ.

*

ಗಂಡಸರನ್ನು ಹತ್ತಿಸಿಕೊಂಡು ಶವದ ಗಾಡಿ ಹೊರಟುಹೋಯಿತು. ಹೆಂಗಸರು ಸ್ಮಶಾನಕ್ಕೆ ಹೋಗುವಂತಿರಲಿಲ್ಲ. ದ್ವಾರಕಾಬಾಯಿ ಕಂಬಿ ಹಿಡಿದು ಹತ್ತತೊಡಗಿದಳು.

ಮೊದಲ ಮಹಡಿಯಲ್ಲಿ ಯಾರೋ ಮೆಟ್ಟಿಲ ಪಕ್ಕ ಕುರ್ಚಿ ಹಾಕಿದ್ದರು. ಎರಡನೆಯದರಲ್ಲಿ ಸ್ಟೂಲು. “ಈಗ ಹಾಕ್ತಾರ, ಈಗ!” ಎಂದು ಗೊಣಗುತ್ತ ದಾಟಿದಳು. ಮೂರನೆಯದರಲ್ಲಿ ಬೋರಲು ಹಾಕಿದ ಬಕೆಟ್ಟು. ಮಂಡಿ ಉರಿಯುತ್ತಿದ್ದರೂ ಆಕೆ ಕೂರಲಿಲ್ಲ.

ಆರನೆಯದರಲ್ಲಿ ಖಾಡೆಯ ಹೆಂಡತಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ದ್ವಾರಕಾಬಾಯಿ ಅದರ ಮೇಲೆ ದೊಪ್ಪನೆ ಕುಸಿದಳು.

“ನೋಡ್ತಾ ಏನ್ ನಿಂತಿ? ನೀರು ಕೊಡು.”

ಅವಳು ಒಳಗೆ ಓಡಿದಳು. ಮೇಲೆ, ಏಳನೆಯ ಮಹಡಿಯಲ್ಲಿ, ಯಾರೋ ಕುರ್ಚಿ ಎಳೆಯುವ ಸದ್ದು ಕೇಳಿಸಿತು.